ಕಿಲೋಮೀಟರ್ ಬಿಡಿ, ಗಂಟೆ ನೋಡಿ

ಎರಡು ವಿಮಾನ ನಿಲ್ದಾಣಗಳ ನಡುವೆ 9,000 ಕಿ.ಮೀ., ವಿಮಾನದ ವೇಗ ಗಂಟೆಗೆ ಸುಮಾರು 900, ಹಾಗಾದರೆ ಹತ್ತೇ ಗಂಟೆಯಲ್ಲಿ ತಲುಪಬೇಕಲ್ವಾ, ಟಿಕೆಟ್‌ನಲ್ಲಿ ಹೋಗುವಾಗ 17, ಬರುವಾಗ 15 ಅಂತ ಯಾಕಿದೆ ಅಂತ ಕೇಳಿದ್ದೀರಿ. ಲೆಕ್ಕ ತಪ್ಪಿಲ್ಲ. ಆದರೆ ಆ ಲೆಕ್ಕ ಆಕಾಶದಲ್ಲಿ ನಡೆಯುವುದಿಲ್ಲ.

ಆ 9,000 ಅನ್ನುವುದು ದುಂಡಗಿನ ಭೂಮಿಯ ಮೇಲೆ ಎರಡು ಊರಿಗೂ ದಾರ ಎಳೆದು ಹಿಡಿದರೆ ಸಿಗುವ ಅತಿ ಚಿಕ್ಕ ದೂರ. ವಿಮಾನ ಅದೇ ಗೆರೆಯ ಮೇಲೆ ಹೋಗುವುದು ಕಮ್ಮಿ. ಯುದ್ಧ ಇರುವ ಕಡೆ, ವಾಯುಪ್ರದೇಶ ಮುಚ್ಚಿರುವ ಕಡೆ ಸುತ್ತು ಹಾಕಲೇಬೇಕು. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿದಾಗ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಚಿಲ್ಲರೆ ಗಂಟೆಯ ಪ್ರಯಾಣ 13 ಗಂಟೆಯ ಹತ್ತಿರ ಹೋಯಿತು. ಊರುಗಳು ಇದ್ದಲ್ಲೇ ಇದ್ದವು, ದೂರವೂ ಅಷ್ಟೇ ಇತ್ತು.

ಇನ್ನು ಗಾಳಿ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಇದೆ. ಪೂರ್ವಕ್ಕೆ ಹೋದರೆ ಅದು ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೋದರೆ ಎದುರು ಬರುತ್ತದೆ. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಸುಮಾರು 5,550 ಕಿ.ಮೀ., ಸಾಮಾನ್ಯವಾಗಿ ಆರೂವರೆಯಿಂದ ಏಳು ಗಂಟೆ. ವಾಪಸ್ ಹೋಗುವಾಗ ಒಂದು ಗಂಟೆ ಜಾಸ್ತಿ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಎದ್ದಾಗ ಒಂದು ವಿಮಾನ ಅದೇ ದಾರಿಯನ್ನು ಐದು ಗಂಟೆಗೂ ಕಮ್ಮಿ ಹೊತ್ತಿನಲ್ಲಿ ಮುಗಿಸಿತ್ತು! ನಿಮ್ಮ ಹೋಗಿ ಬರುವ ಸಮಯದ ವ್ಯತ್ಯಾಸದಲ್ಲಿ ಇದರ ಪಾಲೂ ಇರಬಹುದು. ಜೊತೆಗೆ ಟಿಕೆಟ್‌ನ ಗಂಟೆಗಳು ಗೇಟಿನಿಂದ ಗೇಟಿಗೆ ಎಣಿಸಿದವು, ರನ್‌ವೇಗೆ ಹೋಗಿ ಸಾಲಿನಲ್ಲಿ ನಿಲ್ಲುವ ಹೊತ್ತೂ ಅದರಲ್ಲೇ ಸೇರಿದೆ.

ಹೊರಡುವ, ತಲುಪುವ ಸಮಯಗಳನ್ನು ಕಳೆದು ಲೆಕ್ಕ ಹಾಕಲು ಹೋಗಬೇಡಿ, ಎರಡೂ ಆಯಾ ಊರಿನ ಗಡಿಯಾರದ್ದು. ಟೋಕಿಯೋದಲ್ಲಿ ಸಂಜೆ ಹತ್ತಿದವರು ಲಾಸ್ ಏಂಜಲೀಸ್‌ನಲ್ಲಿ ಅದೇ ದಿನ ಬೆಳಿಗ್ಗೆ ಇಳಿಯುತ್ತಾರೆ. ಒಟ್ಟು ಅವಧಿ ಅಂತ ಬೇರೆ ಕೊಟ್ಟಿರುತ್ತಾರೆ, ಅದನ್ನೇ ನಂಬಿ.

ಆದರೂ ನಿಮ್ಮ 17 ಗಂಟೆಯಲ್ಲಿ ಹತ್ತರ ಮೇಲೆ ಹೆಚ್ಚಾದದ್ದರ ದೊಡ್ಡ ಪಾಲು ಗಾಳಿಯದ್ದಲ್ಲ, ಮಧ್ಯದಲ್ಲಿ ವಿಮಾನ ಬದಲಿಸುವುದರದ್ದು. ಹೊಸದಾಗಿ ವಿದೇಶಕ್ಕೆ ಬರುವವರು ಇಲ್ಲೇ ಎಡವುವುದು. ಒಂದೂಕಾಲು ಗಂಟೆಯ ಲೇಓವರ್ (ಎರಡು ವಿಮಾನಗಳ ನಡುವಿನ ಹೊತ್ತು) ನೋಡಿ ಬೇಗ ತಲುಪುತ್ತೇವೆ ಅಂತ ಖುಷಿ ಪಡುತ್ತಾರೆ, ಮೊದಲ ವಿಮಾನ ಸ್ವಲ್ಪ ತಡವಾದರೂ ಮುಂದಿನದು ಕೈ ತಪ್ಪುತ್ತದೆ. ಅಮೆರಿಕಕ್ಕೆ ಬರುವುದಾದರೆ ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲೇ ಇಮಿಗ್ರೇಷನ್, ಅಲ್ಲೇ ಲಗೇಜ್ ತೆಗೆದುಕೊಂಡು ಮುಂದಿನ ವಿಮಾನಕ್ಕೆ ಮತ್ತೆ ಕೊಡಬೇಕು. ಷೆಂಗೆನ್ ದೇಶಗಳಿಗಾದರೆ (ತಮ್ಮ ನಡುವೆ ಸಾಮಾನ್ಯವಾಗಿ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳು) ಒಳಗೆ ಕಾಲಿಡುವ ಮೊದಲ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತಪಾಸಣೆ. ಆ ಸಾಲು ಎಷ್ಟು ಉದ್ದ ಇರುತ್ತದೆ ಅಂತ ಯಾರೂ ಮೊದಲೇ ಹೇಳಲಾರರು. ಮೊದಲ ಸಲ ಬರುವವರಿಗೆ, ಅದೂ ದೊಡ್ಡ ಸೂಟ್‌ಕೇಸ್, ಮಕ್ಕಳು ಅಂತ ಜೊತೆಗಿದ್ದರೆ, ನಾನು ಮೂರು ಗಂಟೆಗಿಂತ ಕಮ್ಮಿ ಲೇಓವರ್ ಬೇಡ ಅಂತಲೇ ಹೇಳುತ್ತೇನೆ. ಕಾಯುವುದು ಬೇಜಾರು, ನಿಜ. ಓಡುವುದು ಇನ್ನೂ ಬೇಜಾರು.

ದುಡ್ಡು ಉಳಿಯುತ್ತದೆ ಅಂತ ಎರಡು ಟಿಕೆಟ್ ಬೇರೆ ಬೇರೆ ತೆಗೆಯಬೇಡಿ. ಒಂದೇ ಬುಕಿಂಗ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಸಾಮಾನ್ಯವಾಗಿ ವಿಮಾನ ಕಂಪನಿಯವರೇ ಬೇರೆ ವಿಮಾನಕ್ಕೆ ಹಾಕುತ್ತಾರೆ. ಬೇರೆ ಬೇರೆ ಆದರೆ ಎರಡನೆಯ ಕಂಪನಿಯವರ ಲೆಕ್ಕದಲ್ಲಿ ನೀವು ಬರಲಿಲ್ಲ, ಅಷ್ಟೇ. ಲಗೇಜ್‌ಗಾಗಿ ಆ ನಡುವಿನ ದೇಶದೊಳಗೆ ಹೋಗಬೇಕಾಗಿ ಬಂದರೆ ವೀಸಾ ಪ್ರಶ್ನೆಯೂ ಏಳುತ್ತದೆ.

ಆ 17 ಗಂಟೆಯಲ್ಲಿ ಎಲ್ಲಿ, ಎಷ್ಟು ಹೊತ್ತು ನಿಲ್ಲುತ್ತೀರಿ, ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿ ಇವೆಯಾ ಅಂತ ಬರೆಯಿರಿ. ದುಡ್ಡು ಕಟ್ಟುವ ಮುಂಚೆ ನೋಡಿ ಹೇಳುತ್ತೇನೆ.