ಇಂಟರ್‌ಫೆರಾನ್ ಯಾರನ್ನೂ ಕೊಲ್ಲುವುದಿಲ್ಲ

ಮಾನ್ಯರೇ,

‘ನಮ್ಮೊಳಗಿನ ವೀರಯೋಧರು’ ಎಂಬ ನಿಮ್ಮ ಲೇಖನ ತಲುಪಿದೆ. ವೈರಾಣು ಸೋಂಕಿದ ಜೀವಕೋಶಗಳು ಹೊರಸೂಸುವ ಸಂಕೇತ ಪ್ರೋಟೀನ್‌ಗಳಾದ ಇಂಟರ್‌ಫೆರಾನ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೀರಿ ಎಂಬುದೇ ಸಂತೋಷದ ಸಂಗತಿ. ನಿಮ್ಮ ಭಾಷೆಗೆ ಓಟವಿದೆ, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯಿಂದ ಲೇಖನವನ್ನು ಆರಂಭಿಸಿದ್ದೂ ಚೆನ್ನಾಗಿದೆ. ಇಲ್ಲಿಗೆ ಸೌಜನ್ಯ ಮುಗಿಯಿತು. ಎರಡನೆಯ ಪುಟ ಓದುವಾಗ ನನಗೆ ಸಿಟ್ಟು ಬಂತು; ಅದಕ್ಕೆ ಕಾರಣವೇನೆಂದು ಬಿಡಿಸಿ ಹೇಳದೆ, ವಿಷಾದಿಸುತ್ತೇವೆ ಎಂಬ ಒಂದು ಸಾಲಿನ ಪತ್ರ ಕಳುಹಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಕಾಗುಣಿತ, ಪುನರುಕ್ತಿ ಮೊದಲಾದವುಗಳ ತಂಟೆಗೆ ಇಲ್ಲಿ ಹೋಗುವುದಿಲ್ಲ.

ಆ ಪುಟದ ಮೊದಲ ವಾಕ್ಯ ಹೀಗಿದೆ: ‘ವೈರಾಣು ದೇಹವೆಂಬ ಕೋಟೆಗೆ ಲಗ್ಗೆಯಿಟ್ಟೊಡನೆ, ಸದಾ ಕಾವಲು ನಿಂತಿರುವ ಇಂಟರ್‌ಫೆರಾನ್ ಯೋಧರು ಶಸ್ತ್ರಸನ್ನದ್ಧರಾಗಿ ರಣರಂಗಕ್ಕೆ ಧುಮುಕುತ್ತಾರೆ.’ ಸದಾ ಕಾವಲು ನಿಂತಿರುವುದು ಇಂಟರ್‌ಫೆರಾನ್ ಅಲ್ಲ. ಆರೋಗ್ಯವಂತರ ದೇಹದಲ್ಲಿ ಅದರ ಪ್ರಮಾಣ ತೀರಾ ಅತ್ಯಲ್ಪ. ಕಾವಲಿರುವುದು ಜೀವಕೋಶದೊಳಗಿನ ರಿಗ್-ಐ ಮೊದಲಾದ ಪ್ರೋಟೀನ್‌ಗಳು. ನಮ್ಮ ಜೀವಕೋಶ ತಾನು ತಯಾರಿಸುವ ಸಂದೇಶವಾಹಕ ಆರ್‌ಎನ್‌ಎಯ ತುದಿಗೆ ಒಂದು ರಾಸಾಯನಿಕ ಮುಚ್ಚಳ ಹಾಕಿಯೇ ಹೊರಗೆ ಬಿಡುತ್ತದೆ. ಇನ್‌ಫ್ಲುಯೆಂಜಾದಂಥ ವೈರಾಣುವಿನ ಆರ್‌ಎನ್‌ಎ ಎಳೆಯ ತುದಿಯಲ್ಲಿ ಆ ಮುಚ್ಚಳವಿಲ್ಲದೆ ಮೂರು ಫಾಸ್ಫೇಟುಗಳು ಬರಿದೇ ಉಳಿದಿರುತ್ತವೆ. ರಿಗ್-ಐ ಗುರುತಿಸುವುದು ಅಂಥ ತುದಿಯನ್ನು. ಅಲ್ಲಿಂದ ಸಂಕೇತವು ಮೈಟೋಕಾಂಡ್ರಿಯಾದ ಮೇಲಿರುವ ಮ್ಯಾವ್ಸ್ ಎಂಬ ಪ್ರೋಟೀನಿಗೆ ಮುಟ್ಟಿ, ಐಆರ್‌ಎಫ್-3 ಎಂಬುದು ಕೋಶಕೇಂದ್ರವನ್ನು ಹೊಕ್ಕು ಇಂಟರ್‌ಫೆರಾನ್ ಜೀನ್‌ಗಳನ್ನು ಚಾಲೂ ಮಾಡಿದ ಮೇಲೆಯೇ ನಿಮ್ಮ ಯೋಧರು ಹುಟ್ಟುವುದು. ಇಷ್ಟಕ್ಕೆ ಗಂಟೆಗಳು ಹಿಡಿಯುತ್ತವೆ. ‘ಲಗ್ಗೆಯಿಟ್ಟೊಡನೆ ಧುಮುಕುತ್ತಾರೆ’ ಎಂದು ಬರೆದಾಗ, ಓದುಗನಿಗೆ ರೋಮಾಂಚನವಾಗಬೇಕಾಗಿದ್ದ ಈ ಇಡೀ ಭಾಗವನ್ನು ನೀವು ಹಾರಿಸಿಬಿಟ್ಟಿರಿ.

ಎರಡನೆಯ ವಾಕ್ಯ: ‘ಅವು ವೈರಾಣುಗಳನ್ನು ಹುಡುಕಿ ಹುಡುಕಿ ಸಂಹರಿಸುತ್ತವೆ.’ ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಇದು. ಇಂಟರ್‌ಫೆರಾನ್ ವೈರಾಣುವನ್ನು ಹುಡುಕುವುದಿಲ್ಲ, ಮುಟ್ಟುವುದಿಲ್ಲ, ಸಂಹರಿಸುವುದೂ ಇಲ್ಲ. ಜೀವಕೋಶಗಳೇ ಇಲ್ಲದ ಗಾಜಿನ ನಳಿಕೆಯಲ್ಲಿ ಇವೆರಡನ್ನೂ ಬೆರೆಸಿಟ್ಟರೆ ವೈರಾಣುವಿನ ಕೂದಲೂ ಕೊಂಕುವುದಿಲ್ಲ. ಸೋಂಕು ತಗುಲಿದ ಜೀವಕೋಶ ಇಂಟರ್‌ಫೆರಾನನ್ನು ಹೊರಕ್ಕೆ ಸುರಿಸುವುದು ನೆರೆಯ ಜೀವಕೋಶಗಳಿಗಾಗಿ.

ವಿಚಿತ್ರವೆಂದರೆ ಇದನ್ನು ತೋರಿಸಿಕೊಟ್ಟ ಪ್ರಯೋಗ ನಿಮ್ಮ ಲೇಖನದಲ್ಲೇ ಇದೆ, ಆದರೆ ‘1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ಇದನ್ನು ಕಂಡುಹಿಡಿದರು’ ಎಂಬ ಒಂದೇ ಸಾಲಿಗೆ ಕುಗ್ಗಿಹೋಗಿದೆ. ಅವರು ಮಾಡಿದ್ದೇನು ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಿ. ಮೊಟ್ಟೆಯೊಳಗೆ ಬೆಳೆಯುತ್ತಿರುವ ಕೋಳಿ ಭ್ರೂಣದ ಸುತ್ತಲಿನ ತೆಳುಪೊರೆಯನ್ನು ಚೂರುಗಳಾಗಿ ಕತ್ತರಿಸಿ, ಬಿಸಿಮಾಡಿ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಾಣುವಿನ ಜೊತೆ ಇಟ್ಟರು. ಆಮೇಲೆ ಚೂರುಗಳನ್ನು ತೊಳೆದು ಹೊಸ ದ್ರವದಲ್ಲಿ ಮುಳುಗಿಸಿದರು, ಕೆಲಕಾಲದ ನಂತರ ಚೂರುಗಳನ್ನು ತೆಗೆದುಹಾಕಿ ದ್ರವವನ್ನು ಮಾತ್ರ ಉಳಿಸಿಕೊಂಡರು. ಆ ದ್ರವದಲ್ಲಿ ಅದ್ದಿಟ್ಟ ತಾಜಾ ಪೊರೆಗೆ ಈ ಬಾರಿ ಜೀವಂತ ವೈರಾಣುವನ್ನೇ ಸೋಕಿಸಿದರೂ ಅದು ಅಲ್ಲಿ ಸರಿಯಾಗಿ ಬೆಳೆಯಲಿಲ್ಲ. ಒಂದು ಪೊರೆ ಅನುಭವಿಸಿದ್ದನ್ನು ಇನ್ನೊಂದು ಪೊರೆಗೆ ದಾಟಿಸುವ ಏನೋ ಒಂದು ಆ ದ್ರವದಲ್ಲಿತ್ತು. ಟೋಕಿಯೋದಲ್ಲಿ ನಗಾನೋ ಮತ್ತು ಕೊಜಿಮಾ 1954ರಲ್ಲೇ ಮೊಲದ ಚರ್ಮದಲ್ಲಿ ಇಂಥದೇ ಪರಿಣಾಮವನ್ನು ಕಂಡಿದ್ದರು. ಅವರ ಹೆಸರು ನಿಮ್ಮಲ್ಲಿ ಇಲ್ಲವೇ ಇಲ್ಲ, ಇರಲಿ. ನಾನು ಕೇಳುವುದು ಇಷ್ಟೇ: ಇಂಥ ಪ್ರಯೋಗವನ್ನು ಕೈಯಲ್ಲಿಟ್ಟುಕೊಂಡು ರಣರಂಗವನ್ನು ಏಕೆ ಸಾಲ ತಂದಿರಿ?

ನಾನು ಕೆಲಸ ಕಲಿತದ್ದು ಒಂದು ಮಾಸಿಕದ ಮುದ್ರಣಾಲಯದಲ್ಲಿ, ಕರಡು ತಿದ್ದುತ್ತ. ಅಲ್ಲಿನ ಹಿರಿಯ ಸಂಪಾದಕರಿಗೆ ಒಂದು ಅಭ್ಯಾಸವಿತ್ತು. ವಿಜ್ಞಾನದ ಲೇಖನ ಬಂದರೆ ಕೆಂಪು ಪೆನ್ಸಿಲ್ ಹಿಡಿದು ಪ್ರತಿ ಕ್ರಿಯಾಪದಕ್ಕೂ ಸುತ್ತು ಹಾಕುತ್ತಿದ್ದರು. ಹಾಕಿದ ಮೇಲೆ ಅಂಚಿನಲ್ಲಿ ‘ಕಂಡವರು ಯಾರು, ಕಂಡದ್ದು ಹೇಗೆ’ ಎಂದು ಬರೆಯುತ್ತಿದ್ದರು. ಕೆರೆಯ ಮೀನುಗಳ ಮೇಲಿನ ಒಂದು ಲೇಖನದಲ್ಲಿ, ಮಳೆ ಬರುವುದು ಮೀನಿಗೆ ಮೊದಲೇ ತಿಳಿಯುತ್ತದೆ ಎಂಬ ವಾಕ್ಯವಿತ್ತು. ‘ತಿಳಿಯಿತೆಂದು ಮೀನು ನಿಮ್ಮ ಕಿವಿಯಲ್ಲಿ ಹೇಳಿತೇ?’ ಎಂದು ಕೇಳಿ, ಮಳೆಗೆ ಮುನ್ನ ಮೀನು ಏನು ಮಾಡಿದ್ದನ್ನು ಕಂಡಿರಿ ಎಂಬುದನ್ನಷ್ಟೇ ಬರೆದು ತರುವಂತೆ ಆ ಲೇಖಕರನ್ನು ವಾಪಸು ಕಳುಹಿಸಿದರು. ಲೇಖಕರು ಮುನಿಸಿಕೊಂಡು ಹೋದರು, ತಿಂಗಳೊಪ್ಪತ್ತು ಬಿಟ್ಟು ತಿರುಗಿ ಬಂದರು, ಮತ್ತು ಆ ಎರಡನೆಯ ಲೇಖನ ನಾನು ಅಲ್ಲಿದ್ದ ಕಾಲದಲ್ಲಿ ಅಚ್ಚಾದ ಉತ್ತಮ ಬರಹಗಳಲ್ಲೊಂದು. ಅಚ್ಚುಮೊಳೆ ಜೋಡಿಸುವವರಿಗೂ ಆ ಪೆನ್ಸಿಲ್ ಮೇಲೆ ಪ್ರೀತಿಯಿತ್ತು. ‘ಶಸ್ತ್ರಸನ್ನದ್ಧ’ದಂಥ ಒತ್ತಕ್ಷರಗಳ ಗಂಟುಗಳನ್ನು ಅದು ಬಹುಮಟ್ಟಿಗೆ ಉಳಿಯಗೊಡುತ್ತಿರಲಿಲ್ಲ. ನಿಮ್ಮ ಎರಡನೆಯ ಪುಟಕ್ಕೆ ನಾನು ಅದೇ ರೀತಿ ಸುತ್ತು ಹಾಕಿ ನೋಡಿದೆ. ಧುಮುಕು, ಸಂಹರಿಸು, ಅಟ್ಟಾಡಿಸು, ಹಿಮ್ಮೆಟ್ಟಿಸು: ಇವುಗಳಲ್ಲಿ ಒಂದನ್ನೂ ಯಾರೂ ಪ್ರಯೋಗಾಲಯದಲ್ಲಿ ಕಂಡಿಲ್ಲ.

ಕಂಡದ್ದು ಬೇರೆ. ಇಂಟರ್‌ಫೆರಾನ್ ನೆರೆಯ ಜೀವಕೋಶದ ಹೊರಮೈಯಲ್ಲಿ ಸಂಕೇತ ಹಿಡಿಯುವ ಗ್ರಾಹಕವೆಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಒಳಮಗ್ಗುಲಲ್ಲಿ ಜಾಕ್ ಗುಂಪಿನ ಕಿಣ್ವಗಳು ಎಚ್ಚೆತ್ತು ಸ್ಟಾಟ್-1 ಮತ್ತು ಸ್ಟಾಟ್-2 ಎಂಬ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಜೋಡಿಸುತ್ತವೆ. ಆ ಜೋಡಿ ಐಆರ್‌ಎಫ್-9 ಎಂಬ ಇನ್ನೊಂದು ಪ್ರೋಟೀನಿನ ಸಂಗಡ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ತೆರೆಯುತ್ತದೆ. ಆ ಜೀನ್‌ಗಳಿಂದ ಹೊರಬಂದ ಪ್ರೋಟೀನ್‌ಗಳಲ್ಲಿ ಕೆಲವು, ವೈರಾಣು ಒಳಗೆ ಬಂದು ಎರಡೆಳೆಯ ಆರ್‌ಎನ್‌ಎ ಕಾಣಿಸುವವರೆಗೂ ಸುಮ್ಮನೆ ಕಾದಿರುತ್ತವೆ. ಕಂಡ ಮೇಲೆ ಪಿಕೆಆರ್ ಎಂಬುದು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ, ವೈರಾಣುವಿನದನ್ನಷ್ಟೇ ಅಲ್ಲ, ಜೀವಕೋಶದ್ದನ್ನೂ. ಆರ್‌ಎನ್‌ಏಸ್-ಎಲ್ ಎಂಬ ಕಿಣ್ವ ತನ್ನವರು ಪರರು ಎಂದು ನೋಡದೆ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ನಿಮಗೆ ಉಪಮೆ ಬೇಕೇ ಬೇಕೆಂದಿದ್ದರೆ, ಹುಲ್ಲುಮಾಡಿನ ಕೇರಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದಾಗ ಪಕ್ಕದವರು ತಮ್ಮ ಮಾಡಿನ ಹುಲ್ಲನ್ನು ತಾವೇ ಎಳೆದುಹಾಕುವುದನ್ನು ನೆನೆಯಿರಿ. ಇದರಲ್ಲಿ ಶೌರ್ಯವೇನೂ ಇಲ್ಲ, ತನಗೆ ತಾನೇ ಮಾಡಿಕೊಳ್ಳುವ ನಷ್ಟವಿದೆ.

ಸೇನೆಯ ಚಿತ್ರದಿಂದ ಆಗುವ ಇನ್ನೊಂದು ಹಾನಿಯೆಂದರೆ, ವೈರಾಣುವಿನ ಜಾಣತನಕ್ಕೆ ಅದರಲ್ಲಿ ಜಾಗವೇ ಉಳಿಯುವುದಿಲ್ಲ. ಡೆಂಗಿ ವೈರಾಣು ನಿಮ್ಮ ಯೋಧರೊಡನೆ ಹೋರಾಡುವುದಿಲ್ಲ. ಅದರ ಎನ್‌ಎಸ್-5 ಪ್ರೋಟೀನ್ ಮನುಷ್ಯರ ಸ್ಟಾಟ್-2 ಅನ್ನು ಹಿಡಿದು ಜೀವಕೋಶದ ಕಸದ ದಾರಿಗೆ ತಳ್ಳುತ್ತದೆ. ಇಂಟರ್‌ಫೆರಾನ್ ಬಾಗಿಲು ತಟ್ಟುತ್ತಲೇ ಇರುತ್ತದೆ, ಒಳಗೆ ಸುದ್ದಿ ಮುಟ್ಟಿಸುವವರಿರುವುದಿಲ್ಲ. ಇಲಿಯ ಸ್ಟಾಟ್-2ರ ಮೇಲೆ ಈ ಕೈಚಳಕ ನಡೆಯುವುದಿಲ್ಲ. ಸಾಮಾನ್ಯ ಇಲಿಗಳಿಗೆ ಡೆಂಗಿ ತರಿಸುವುದು ಕಷ್ಟವಾಗಿರಲು ಇದೊಂದು ಕಾರಣ. ಆದ್ದರಿಂದಲೇ ಸಂಶೋಧಕರು ಇಂಟರ್‌ಫೆರಾನ್ ಗ್ರಾಹಕವೇ ಇಲ್ಲದಂತೆ ರೂಪಿಸಿದ ಇಲಿಗಳನ್ನು ಬಳಸುತ್ತಾರೆ. ಪ್ರತಿ ಮಳೆಗಾಲದಲ್ಲೂ ಡೆಂಗಿಯ ಸುದ್ದಿ ಓದುವ ನಮ್ಮ ಓದುಗರಿಗೆ ಈ ಇಲಿ ನಿಮ್ಮ ಹತ್ತು ಯೋಧರಿಗಿಂತ ಹೆಚ್ಚು ಹೇಳುತ್ತದೆ.

ಇನ್ನು ನಿಮ್ಮ ಕೊನೆಯ ಭಾಗ. ‘ಇಂಟರ್‌ಫೆರಾನ್ ಹೆಚ್ಚಿದಷ್ಟೂ ಆರೋಗ್ಯ ಹೆಚ್ಚು, ಆದ್ದರಿಂದ ದಿನವೂ ಕಷಾಯ ಕುಡಿದು ನಮ್ಮ ಸೈನ್ಯವನ್ನು ಬಲಪಡಿಸೋಣ.’ ಇದು ಹಿಂದಿನ ದೋಷದ ಮರಿ. ಯೋಧರು ಎಂದ ಮೇಲೆ ಹೆಚ್ಚು ಯೋಧರಿದ್ದರೆ ಒಳ್ಳೆಯದು ಎನ್ನದೆ ವಿಧಿಯಿಲ್ಲ. ಆದರೆ ನಿಮ್ಮ ಮೊದಲ ಪ್ಯಾರಾದ ಆ ಮಗುವಿನ ಬಿಸಿ ಹಣೆಗೂ ಮೈಕೈ ನೋವಿಗೂ ಬಹುಪಾಲು ಕಾರಣ ವೈರಾಣುವಲ್ಲ, ಇಂಟರ್‌ಫೆರಾನ್ ಮತ್ತು ಅದರ ಬಂಧುಬಳಗದ ಸಂಕೇತ ಪ್ರೋಟೀನ್‌ಗಳು. ಯಕೃತ್ತಿಗೆ ವೈರಾಣು ತಗುಲುವ ಹೆಪಟೈಟಿಸ್-ಸಿ ಕಾಯಿಲೆಯ ರೋಗಿಗಳಿಗೆ ವರ್ಷಗಟ್ಟಲೆ ಇಂಟರ್‌ಫೆರಾನೇ ಮದ್ದಾಗಿತ್ತು. 24 ವಾರ, ಕೆಲವರಿಗೆ 48 ವಾರ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದವರು ಜ್ವರ, ನೋವು, ಸುಸ್ತುಗಳ ಜೊತೆಗೆ ಖಿನ್ನತೆಯನ್ನೂ ಅನುಭವಿಸಿದರು. ನೇರವಾಗಿ ವೈರಾಣುವನ್ನೇ ತಡೆಯುವ ಮಾತ್ರೆಗಳು ಬಂದೊಡನೆ ಆ ಚಿಕಿತ್ಸೆ ಹಿಂದೆ ಸರಿಯಿತು. ಹುಟ್ಟಿನಿಂದಲೇ ಇಂಟರ್‌ಫೆರಾನ್ ಸಂಕೇತ ಆರದೆ ಉರಿಯುತ್ತಿರುವ ಐಕಾರ್ಡಿ-ಗೂಟಿಯೇರ್ ಎಂಬ ಕಾಯಿಲೆಯಲ್ಲಿ ಎಳೆಯ ಮಕ್ಕಳ ಮೆದುಳೇ ಹಾಳಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆಯ ರೋಗಿಗಳಿಗೆ 2021ರಲ್ಲಿ ಒಪ್ಪಿಗೆ ಪಡೆದ ಅನಿಫ್ರೊಲುಮ್ಯಾಬ್ ಎಂಬ ಔಷಧ ಮಾಡುವುದು ಇಂಟರ್‌ಫೆರಾನಿನ ಗ್ರಾಹಕವನ್ನು ಮುಚ್ಚುವ ಕೆಲಸವನ್ನು.

ಕಡಿಮೆಯಾದರೂ ಅಪಾಯ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಜೀವಕ್ಕೇ ಕುತ್ತು ತಂದ ಕೋವಿಡ್ ನ್ಯುಮೋನಿಯಾಕ್ಕೆ ಒಳಗಾದ 987 ಜನರನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳಿದ್ದವು. ಆ 101ರಲ್ಲಿ 95 ಮಂದಿ ಗಂಡಸರು. ಹಾಗೆಂದು ಆಸ್ಪತ್ರೆ ಸೇರಿದ ರೋಗಿಗಳಿಗೆ ಹೊರಗಿನಿಂದ ಇಂಟರ್‌ಫೆರಾನ್-ಬೀಟಾ ಕೊಟ್ಟು ನೋಡಿದ ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗದಲ್ಲಿ ಸಾವಿನ ಪ್ರಮಾಣವೇನೂ ತಗ್ಗಲಿಲ್ಲ. ಸೋಂಕಿನ ಮೊದಲ ದಿನಗಳಲ್ಲಿ ಬೇಕಾದದ್ದು ತಡವಾಗಿ ಬಂದರೆ ಅದರಿಂದ ಅದೇ ಫಲ ಸಿಗುತ್ತದೆನ್ನುವಂತಿಲ್ಲ. ಕಷಾಯದ ವಿಷಯದಲ್ಲಿ ನನ್ನ ತಕರಾರು ಕಷಾಯದ ಮೇಲಲ್ಲ, ‘ಆದ್ದರಿಂದ’ ಎಂಬುದರ ಮೇಲೆ. ಆ ಪದಕ್ಕೆ ಮುಂಚೆ ನೀವು ಬರೆದ ಯಾವ ಸಾಲೂ ಕಷಾಯದವರೆಗೆ ಬರುವುದಿಲ್ಲ.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ, ತಿದ್ದಿ ಕಳುಹಿಸಿದರೆ ಖಂಡಿತ ಓದುತ್ತೇನೆ. ತಾಯಿ ಮತ್ತು ಮಗು ಇರಲಿ. ಎರಡನೆಯ ಪುಟವನ್ನು ಪೂರ್ತಿ ಹೊಡೆದುಹಾಕಿ ಆ ಜಾಗದಲ್ಲಿ 1957ರ ಪೊರೆಯ ಪ್ರಯೋಗವನ್ನು ಅವಸರವಿಲ್ಲದೆ ಬರೆಯಿರಿ, ಅಗತ್ಯಬಿದ್ದರೆ ಇನ್ನೊಂದು ಪುಟ ಹೆಚ್ಚೇ ತೆಗೆದುಕೊಳ್ಳಿ. ಪ್ರತಿ ಕ್ರಿಯಾಪದದ ಎದುರು ಅಂಚಿನಲ್ಲಿ, ಅದನ್ನು ಯಾವ ಪ್ರಯೋಗ ತೋರಿಸಿತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಡಿ. ಅಚ್ಚಿಗೆ ಹೋಗುವ ಮುನ್ನ ಅಳಿಸುವ ಕೆಲಸ ನಮ್ಮದು. ಲೇಖನದ ಜೊತೆ ಕಳುಹಿಸಿದ್ದ ಕತ್ತಿ ಗುರಾಣಿಯ ಚಿತ್ರವೂ ಇದೇ ಲಕೋಟೆಯಲ್ಲಿದೆ.