ಏರಿಗೆ ಯಾವ ಗೇರು? ಸೈಕಲ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ದಿನಾ ಬೆಳಿಗ್ಗೆ ಗಾಜನೂರಿನವರೆಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತೇನೆ, ಒಟ್ಟು 24 ಕಿ.ಮೀ. ಆಗುತ್ತದೆ. ಗೆಳೆಯ ನೆಹರೂ ಕ್ರೀಡಾಂಗಣದಲ್ಲಿ 5 ಕಿ.ಮೀ. ಓಡುತ್ತಾನೆ. ‘ನಿಂದು ಕೂತ್ಕೊಂಡು ಮಾಡೋ ವ್ಯಾಯಾಮ’ ಅಂತ ಗೇಲಿ ಬೇರೆ. ಇಬ್ಬರ ತೂಕವೂ 70 ಕೆ.ಜಿ. ನಿಜಕ್ಕೂ ಹೆಚ್ಚು ಶ್ರಮ ಯಾರದ್ದು?
– ಓದುಗರು, ಶಿವಮೊಗ್ಗ

ಉತ್ತರ: ಕ್ಯಾಲೊರಿ ಲೆಕ್ಕದಲ್ಲಿ ಇಬ್ಬರೂ ಹೆಚ್ಚುಕಮ್ಮಿ ಸಮ. ಓಟಕ್ಕೆ ಒಂದು ಒರಟು ಸೂತ್ರವಿದೆ: ಒಂದು ಕಿಲೋಮೀಟರಿಗೆ, ದೇಹದ ಪ್ರತಿ ಕೆ.ಜಿ.ಗೆ ಒಂದು ಕ್ಯಾಲೊರಿ. ಅಲ್ಲಿಗೆ ನಿಮ್ಮ ಗೆಳೆಯನದು 350. ನೀವು 14 ಕೆ.ಜಿ. ಸೈಕಲ್ ಮೇಲೆ ಕೂತು, ಗಂಟೆಗೆ 20 ಕಿ.ಮೀ.ನಂತೆ, ಸಮತಟ್ಟು ರಸ್ತೆಯಲ್ಲಿ, ಗಾಳಿಯಿಲ್ಲದ ಹೊತ್ತು ಹೋದರೆ ಪೆಡಲಿಗೆ 90 ವಾಟ್ ಆಸುಪಾಸಿನ ಶಕ್ತಿ ಹಾಕುತ್ತಿರುತ್ತೀರಿ. ಗಂಟೆ ಹನ್ನೆರಡು ನಿಮಿಷಕ್ಕೆ ಅದು 390 ಕಿಲೋಜೂಲ್. ತಿಂದದ್ದರಲ್ಲಿ ಕಾಲು ಭಾಗ ಮಾತ್ರ ಪೆಡಲಿಗೆ ಮುಟ್ಟಿ ಉಳಿದದ್ದು ಬಿಸಿಯಾಗಿ ಹೋಗುವುದರಿಂದ, ಪೆಡಲಿಗೆ ಬಿದ್ದ ಕಿಲೋಜೂಲ್ ಎಷ್ಟೋ ಮೈಯಲ್ಲಿ ಖರ್ಚಾದ ಕ್ಯಾಲೊರಿಯೂ ಸರಿಸುಮಾರು ಅಷ್ಟೇ ಆಗುತ್ತದೆ. ಅಂದರೆ ನಿಮ್ಮದು 390.

ಆದರೆ ಗೆಳೆಯನ ಮಾತಿನಲ್ಲೂ ಅರ್ಧ ನಿಜ ಇದೆ. ಅವನು ಅರ್ಧ ಗಂಟೆಯಲ್ಲಿ ಮುಗಿಸಿದ್ದಕ್ಕೆ ನಿಮಗೆ ಅದರ ಎರಡು ಪಟ್ಟಿಗೂ ಹೆಚ್ಚು ಹೊತ್ತು ಬೇಕಾಯಿತು. ಕಿಲೋಮೀಟರ್ ಲೆಕ್ಕ ಹಾಕಿದರೆ ಓಟ ನಾಲ್ಕು ಪಟ್ಟು ದುಬಾರಿ. ಸೈಕಲ್ಲಿನಲ್ಲಿ ಸೀಟು ನಿಮ್ಮ ತೂಕ ಹೊರುತ್ತದೆ, ತುಳಿಯುವುದನ್ನು ನಿಲ್ಲಿಸಿದರೂ ಗಾಡಿ ಉರುಳುತ್ತದೆ. ಓಟದಲ್ಲಿ ಈ ಸೌಲಭ್ಯ ಇಲ್ಲ.

ಗೇಲಿ ನಿಲ್ಲಿಸಬೇಕೇ? ಅವನನ್ನು ಅದೇ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗ ಹಿಡಿಯಲು ಹೇಳಿ. ವೇಗ ಒಂದೂವರೆ ಪಟ್ಟು ಆದರೆ ಗಾಳಿಯನ್ನು ಸೀಳುವ ಶಕ್ತಿ ಮೂರು ಪಟ್ಟು ದಾಟುತ್ತದೆ. 90 ವಾಟ್ ಇದ್ದದ್ದು 230ರ ಹತ್ತಿರ ಹೋಗುತ್ತದೆ. ಅಭ್ಯಾಸವಿಲ್ಲದವರ ತೊಡೆ ಕೆಲವೇ ನಿಮಿಷದಲ್ಲಿ ಉರಿಯುತ್ತದೆ. ಸೈಕಲ್ ಕಷ್ಟವೋ ಸುಲಭವೋ ಎನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲದಿರುವುದು ಇದಕ್ಕೇ. ಎಷ್ಟು ಕಷ್ಟಪಡಬೇಕು ಎನ್ನುವುದು ಓಟಗಾರನಿಗಿಂತ ಸವಾರನ ಕೈಯಲ್ಲೇ ಹೆಚ್ಚು ಇರುತ್ತದೆ.

ಇನ್ನೊಂದು ವ್ಯತ್ಯಾಸ ಮಾರನೆಯ ದಿನ ಗೊತ್ತಾಗುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು-ಮೂರು ಪಟ್ಟು ಹೊಡೆತ ಕಾಲಿಗೆ ಬೀಳುತ್ತದೆ. ಅದನ್ನು ತಡೆಯಲು ತೊಡೆಯ ಸ್ನಾಯು ಬಿಗಿದುಕೊಂಡೇ ಹಿಗ್ಗಬೇಕು. ಮೈಕೈ ನೋವು ತರುವುದು ಈ ಹಿಗ್ಗುವಿಕೆ. ಪೆಡಲ್ ತುಳಿಯುವಾಗ ಸ್ನಾಯು ಕುಗ್ಗುವುದಷ್ಟೇ. ಟೂರ್ ಡಿ ಫ್ರಾನ್ಸ್ ಸವಾರರು 23 ದಿನಗಳಲ್ಲಿ 21 ಹಂತ ಮುಗಿಸಲು ಆಗುವುದು ಇದರಿಂದಲೇ. ದಿನಕ್ಕೊಂದು ಮ್ಯಾರಥಾನ್‌ನಂತೆ ಮೂರು ವಾರ ಪೈಪೋಟಿ ಇಟ್ಟರೆ ಕಾಲು ಉಳಿಯಲಿಕ್ಕಿಲ್ಲ.

ಪ್ರಶ್ನೆ: ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದು ವಾಪಸ್ ಹತ್ತುವಾಗ ಮೂರನೇ ತಿರುವಿಗೇ ಸುಸ್ತು, ಮಂಡಿಯ ಮುಂಭಾಗ ನೋವು. ಗೇರಿಲ್ಲದ ಸೈಕಲ್. ದಮ್ಮು ಸಾಲದೋ, ಸೈಕಲ್ ಸರಿಯಿಲ್ಲವೋ?
– ಓದುಗರು, ತೀರ್ಥಹಳ್ಳಿ

ಉತ್ತರ: ದಮ್ಮಿನ ಮೇಲೆ ತಪ್ಪು ಹೊರಿಸಬೇಡಿ, ಮೊದಲು ಹಲ್ಲು ಎಣಿಸಿ. ಮುಂದಿನ ಚೈನ್‌ವೀಲಿಗೆ 44, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ 5 ಮೀಟರ್ ಮುಂದೆ ಹೋಗುತ್ತದೆ. ಬಯಲಿಗೆ ಇದು ಹೇಳಿ ಮಾಡಿಸಿದ್ದು. ಘಾಟಿಯಲ್ಲಿ ನೂರು ಮೀಟರಿಗೆ ಆರು ಮೀಟರ್ ಏರುವ ಜಾಗ ತೆಗೆದುಕೊಳ್ಳಿ. ಅಲ್ಲಿ ಗಂಟೆಗೆ 8 ಕಿ.ಮೀ.ನಂತೆ ಹತ್ತಲು 125 ವಾಟ್ ಬೇಕು. ಅದೇನೂ ವಿಪರೀತವಲ್ಲ, ಆದರೆ ನಿಮ್ಮ ಪೆಡಲ್ ನಿಮಿಷಕ್ಕೆ 26 ಸುತ್ತು ಮಾತ್ರ ಬರುತ್ತದೆ. ಪ್ರತಿ ಸುತ್ತಿನಲ್ಲೂ ಸರಾಸರಿ 27 ಕೆ.ಜಿ. ಭಾರದಷ್ಟು ಒತ್ತಬೇಕು. ಪೆಡಲ್ ಮುಂದಕ್ಕೆ ಬಂದ ಗಳಿಗೆಯಲ್ಲಿ ಒತ್ತಡ ಅದರ ಎರಡು ಪಟ್ಟಿನ ಹತ್ತಿರ. ಅದೇ ಏರನ್ನು ಮುಂದೆ 28, ಹಿಂದೆ 34 ಹಲ್ಲಿನ ಗೇರಿನಲ್ಲಿ ಹತ್ತುವವನು ನಿಮಿಷಕ್ಕೆ 77 ಸುತ್ತು ತುಳಿಯುತ್ತಾನೆ, ಒತ್ತುವುದು 9 ಕೆ.ಜಿ.ಯಷ್ಟು. ಕೆಲಸ ಒಂದೇ, ವೇಗವೂ ಒಂದೇ. ಅವನ ಶ್ರಮ ಎದೆಗೆ ಹೋಗುತ್ತದೆ, ನಿಮ್ಮದು ಮಂಡಿಗೆ.

ಹೊಸ ಸೈಕಲ್ ಕೊಳ್ಳದೆ ಮಾಡಬಹುದಾದದ್ದೂ ಇದೆ. ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 22ರದ್ದು ಹಾಕಿಸಿ. ಒತ್ತಡ ಐದರಲ್ಲಿ ಒಂದು ಪಾಲು ತಗ್ಗುತ್ತದೆ. ಚೈನಿಗೆ ಎರಡು ಕೊಂಡಿ ಸೇರಿಸಬೇಕಾಗುತ್ತದೆ, ಇಲ್ಲವೇ ಚಕ್ರವನ್ನು ಅರ್ಧ ಇಂಚು ಮುಂದಕ್ಕೆ ಸರಿಸಬೇಕು. ಅಂಗಡಿಯವರು ಇದನ್ನು ಮರೆತು ಚೈನ್ ಬಿಗಿಯಾಗಿ ಎಳೆದು ಕೂರಿಸಿದರೆ ತುಳಿಯುವಾಗ ಕಟಕಟ ಸದ್ದು ಬರುತ್ತದೆ.

ಮಂಡಿಯ ಮುಂಭಾಗದ ನೋವಿಗೆ ಸೀಟು ತಗ್ಗಾಗಿರುವುದೂ ಕಾರಣ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾದರೆ ಸೀಟು ಸರಿ. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಾನಾಗಿ ಬೇಕಾದಷ್ಟು ಮಡಚುತ್ತದೆ. ಒಮ್ಮೆಗೇ ಮೂರು ಇಂಚು ಏರಿಸಬೇಡಿ, ವಾರಕ್ಕೆ ಅರ್ಧ ಸೆಂಟಿಮೀಟರ್ ಸಾಕು. ನೋವು ಮಂಡಿಯ ಹಿಂದಕ್ಕೆ ಸರಿದರೆ ಏರಿಸಿದ್ದು ಹೆಚ್ಚಾಯಿತು ಅಂತ.

ಆಗುಂಬೆಯ 14 ತಿರುವುಗಳಲ್ಲಿ ಎಡಕ್ಕೆ ತಿರುಗುವವೇ ಹೆಚ್ಚು ಹಿಂಡುವುದು. ನಾವು ರಸ್ತೆಯ ಎಡಬದಿ ಹಿಡಿಯುವುದರಿಂದ ಅಲ್ಲಿ ಒಳಮಗ್ಗುಲಿಗೆ ಬೀಳುತ್ತೇವೆ, ಒಳಮಗ್ಗುಲೇ ಕಡಿದು. ಅಲ್ಲಿ ಇಳಿದು ತಳ್ಳಿ: ಗಂಟೆಗೆ 4 ಕಿ.ಮೀ.ನಂತೆ ನಡೆದರೆ ಏರಿಗೆ ಬೇಕಾದ ಶಕ್ತಿ ಅರ್ಧಕ್ಕಿಳಿಯುತ್ತದೆ, ಮಂಡಿಗೂ ಬಿಡುವು.

ಪ್ರಶ್ನೆ: ಮರ ಹತ್ತಿ ಅಡಿಕೆ ಕೊನೆ (ಗೊಂಚಲು) ತೆಗೆಯುವ ಕೆಲಸ ನಮ್ಮದು. ಸಂಜೆ ಹುಡುಗರು ಸೈಕಲ್ ಹೊಡೆದು ‘ವರ್ಕೌಟ್ ಆಯ್ತು’ ಎನ್ನುತ್ತಾರೆ. ನಮ್ಮ ಕೆಲಸದ ಮುಂದೆ ಅದೆಂಥದು?
– ಓದುಗರು, ಹೊಸನಗರ

ಉತ್ತರ: 60 ಕೆ.ಜಿ. ತೂಕದವರು 12 ಮೀಟರ್ ಮರ ಒಮ್ಮೆ ಹತ್ತಿದರೆ 7 ಕಿಲೋಜೂಲ್ ಕೆಲಸ. ಮೇಲಿನ ಗಾಜನೂರು ಸವಾರಿಗೆ ಸಾಟಿಯಾಗಬೇಕಾದರೆ 55 ಸಲ ಬುಡದಿಂದ ಹತ್ತಬೇಕು. ಮರದಿಂದ ಮರಕ್ಕೆ ಬಾಗಿ ದಾಟುವ ಕೊನೆಗಾರರು ಅಷ್ಟು ಸಲ ಇಳಿದು ಹತ್ತುವುದಿಲ್ಲ, ಹಾಗಾಗಿ ಬರೀ ಈ ಲೆಕ್ಕದಲ್ಲಿ ಹುಡುಗರೇ ಮುಂದೆ. ಈ ಲೆಕ್ಕಕ್ಕೆ ಸಿಗದ ಶ್ರಮವೇ ನಿಮ್ಮದರಲ್ಲಿ ದೊಡ್ಡದು. ಮರ ತಬ್ಬಿ ಅಲುಗಾಡದೆ ನಿಂತಾಗ ಮುಂಗೈ, ಹೊಟ್ಟೆ, ತೊಡೆ ಬಿಗಿದೇ ಇರುತ್ತವೆ. ಮೇಲಕ್ಕೆ ಏರದಿದ್ದರೂ ಶಕ್ತಿ ಸುಡುತ್ತದೆ, ರಕ್ತದೊತ್ತಡ ಏರುತ್ತದೆ. ಸೈಕಲ್ ಇದ್ಯಾವುದನ್ನೂ ಕಲಿಸದು. ಅವರನ್ನು ಒಂದು ಮರ ಹತ್ತಿಸಿ ನೋಡಿ!

ಪ್ರಶ್ನೆ: ಕಬಡ್ಡಿಗೆ ಸೈಕಲ್ ಅಭ್ಯಾಸ ಉಪಯೋಗವೇ?
– ಓದುಗರು, ಸೊರಬ

ಉತ್ತರ: ಅರ್ಧ ಉಪಯೋಗ. ರೈಡ್ 30 ಸೆಕೆಂಡಿನದು, ಆಟ 40 ನಿಮಿಷದ್ದು. ರೈಡುಗಳ ನಡುವೆ ಬೇಗ ಉಸಿರು ಹಿಡಿಯಲು ಸೈಕಲ್ ನೆರವಾಗುತ್ತದೆ. ವಾರಕ್ಕೆರಡು ದಿನ ಸಣ್ಣ ಏರೊಂದರಲ್ಲಿ 30 ಸೆಕೆಂಡ್ ಜೀವಬಿಟ್ಟು ತುಳಿದು, 3 ನಿಮಿಷ ಹಗುರವಾಗಿ ತುಳಿಯಿರಿ. ಹೀಗೆ 6 ಸಲ. ಅಡ್ಡ ಜಿಗಿತ, ಹಿಡಿತ, ನೆಲಕ್ಕೆ ಬೀಳುವುದು ಅಂಕಣದಲ್ಲೇ ಬರಬೇಕು.

ಪ್ರಶ್ನೆ: ವಯಸ್ಸು 52. ಮೂಳೆ ಗಟ್ಟಿಯಾಗಲು ಸೈಕಲ್ ಸಾಕೇ?
– ಓದುಗರು, ಸಾಗರ

ಉತ್ತರ: ಸಾಲದು. ಹೃದಯಕ್ಕೆ, ಮಂಡಿಗೆ ಒಳ್ಳೆಯದು. ಆದರೆ ಮೂಳೆ ಗಟ್ಟಿಯಾಗಲು ಭಾರ ಮತ್ತು ಹೊಡೆತ ಬೇಕು, ಸೀಟು ಎರಡನ್ನೂ ತಪ್ಪಿಸುತ್ತದೆ. ರಸ್ತೆ ಸೈಕ್ಲಿಂಗನ್ನೇ ನೆಚ್ಚಿಕೊಂಡ ಪಟುಗಳಲ್ಲಿ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಗೊತ್ತಿರುವ ಸಂಗತಿ. ಜೊತೆಗೆ ಬಿರುಸು ನಡಿಗೆ, ಮೆಟ್ಟಿಲು ಹತ್ತುವುದು, ಭಾರ ಎತ್ತುವುದು ಇರಲಿ. ಮೂಳೆ ಸವೆತ ಮೊದಲೇ ಇದ್ದರೆ ವೈದ್ಯರನ್ನು ಕೇಳಿ ಶುರುಮಾಡಿ.

ಪ್ರಶ್ನೆ: ಘಾಟಿ ಇಳಿಯುವುದು ಸುಲಭ ಅಂದುಕೊಂಡರೆ ಕೈ ಸೋತುಹೋಗುತ್ತದೆ. ಯಾಕೆ?
– ಓದುಗರು, ಕೊಪ್ಪ

ಉತ್ತರ: ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರುತ್ತೀರಿ, ಅದಕ್ಕೆ. ಮುಂಗೈ ಸೋಲುವುದಷ್ಟೇ ಅಲ್ಲ, ರಿಮ್ ಬಿಸಿಯಾಗಿ ಟ್ಯೂಬ್ ಒಡೆಯುವುದೂ ಉಂಟು. ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಹೋಗುವ ಮುನ್ನ ಬಿಡಿ. ಲಿವರಿನ ತುದಿಯನ್ನು ಹಿಡಿದರೆ ಕಡಿಮೆ ಬಲ ಸಾಕು. ಕೇಬಲ್ ತುಕ್ಕು ಹಿಡಿದಿದ್ದರೆ ಅರ್ಧ ಬಲ ಅಲ್ಲೇ ಹೋಗುತ್ತದೆ, ನಮ್ಮ ಮಳೆಗಾಲ ಮುಗಿದೊಡನೆ ಬದಲಿಸಿ. ಬ್ರೇಕ್ ರಬ್ಬರಿನಲ್ಲಿ ಸಿಕ್ಕಿಕೊಂಡ ಮರಳು, ಲೋಹದ ಚೂರನ್ನು ಪಿನ್ನಿನಿಂದ ಕಿತ್ತು ತೆಗೆಯಿರಿ. ರಿಮ್ ಒದ್ದೆಯಾಗಿದ್ದಾಗ ಮೊದಲ ಕೆಲವು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಹಾಗಾಗಿ ಬ್ರೇಕ್ ಬೇಗ ಹಾಕಿ. ಕ್ರೋಮ್ ಹಾಕಿದ ಸ್ಟೀಲ್ ರಿಮ್ ಆಗಿದ್ದರೆ ಮಳೆಯಲ್ಲಿ ಘಾಟಿ ಇಳಿಯುವ ಯೋಚನೆಯೇ ಬೇಡ. ಒದ್ದೆ ಕ್ರೋಮಿನ ಮೇಲೆ ರಬ್ಬರ್ ನಿಲ್ಲುವುದಿಲ್ಲ.