ಕಾಯಂ ಎಷ್ಟು ಜನ, ತಾತ್ಕಾಲಿಕ ಎಷ್ಟು ಜನ?

ಪ್ರಶ್ನೆ: ಪೀಣ್ಯದಲ್ಲಿರುವ ನಮ್ಮ ವಾಹನ ಬಿಡಿಭಾಗಗಳ ಘಟಕದಲ್ಲಿ 45 ಮಂದಿ ಕಾಯಂ ಕೆಲಸಗಾರರಿದ್ದಾರೆ. ಹಬ್ಬಗಳಿಗೆ ಮುನ್ನ ಆರ್ಡರ್ ಹೆಚ್ಚುವುದರಿಂದ ಗುತ್ತಿಗೆದಾರರ ಮೂಲಕ ಇನ್ನೂ 30 ಜನರನ್ನು ತೆಗೆದುಕೊಳ್ಳುತ್ತೇವೆ. ಇನ್ನು ಮುಂದೆ ಯಾರನ್ನೂ ಕಾಯಂ ಮಾಡದೆ ಎಲ್ಲರನ್ನೂ ಗುತ್ತಿಗೆಯಲ್ಲೇ ಇಟ್ಟುಕೊಳ್ಳೋಣ ಎಂದು ಮಗ ಹೇಳುತ್ತಿದ್ದಾನೆ. ತಮ್ಮ ಸಲಹೆ ಏನು?
— ಹೆಸರು ಬೇಡವೆಂದಿರುವ ಓದುಗರು, ಬೆಂಗಳೂರು

ಉತ್ತರ: ಮೊದಲು ಕಳೆದ ಎರಡು ವರ್ಷಗಳ ಹಾಜರಿ ಪುಸ್ತಕವನ್ನೂ ಮಾಲು ರವಾನೆಯ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಆರ್ಡರ್ ತೀರಾ ಕಡಿಮೆಯಿದ್ದ ತಿಂಗಳಲ್ಲಿ ಯಂತ್ರಗಳನ್ನು ನಡೆಸಲು ಎಷ್ಟು ಜನ ಬೇಕಾದರೆಂದು ನೋಡಿ. ಅಷ್ಟು ಜನರು ಕಾಯಂ ಆಗಿರಬೇಕು. ಆರ್ಡರ್‌ಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡುವ ಮಾತು ಅದರ ಮೇಲಿನ ಸಂಖ್ಯೆಗೆ ಮಾತ್ರ. ಹೀಗೆ ಲೆಕ್ಕ ಹಾಕಿದಾಗ, ಹಬ್ಬದ ಗಡಿಬಿಡಿಗೆಂದು ಕರೆತಂದ ಕೆಲವರು ಹನ್ನೆರಡು ತಿಂಗಳೂ ಅದೇ ಲೇತ್ ಮುಂದೆ ನಿಂತಿರುವುದು ಕಂಡರೆ ಆಶ್ಚರ್ಯಪಡಬೇಡಿ. ಅವರು ಕಾಗದದಲ್ಲಷ್ಟೇ ತಾತ್ಕಾಲಿಕರು.

ಕಾಯಂ ಮಾಡಿದರೆ ಮತ್ತೆ ಕಳಿಸಲಾಗದು ಎಂಬ ಭಯ ತಮ್ಮ ಮಗನಿಗಿರಬಹುದು. ಕೆಲಸದಿಂದ ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದ ಕಾಯ್ದೆಯಡಿಯೂ 100 ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗಳಿಗಷ್ಟೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ತಮ್ಮಂಥ ಘಟಕಕ್ಕೆ ನೋಟಿಸು ಮತ್ತು ಪರಿಹಾರದ ಹೊಣೆಯಿದೆಯೇ ಹೊರತು ಅನುಮತಿಯ ಹಂಗು ಹಿಂದೆಯೂ ಇರಲಿಲ್ಲ.

ಏರಿಳಿಯುವ ಭಾಗಕ್ಕೆ ಗುತ್ತಿಗೆದಾರರಿಗಿಂತ ನಿಗದಿತ ಅವಧಿಯ ನೇರ ನೇಮಕಾತಿ ಉತ್ತಮವೆಂಬುದು ನನ್ನ ಅಭಿಪ್ರಾಯ. 2016ರಲ್ಲಿ ಸಿದ್ಧ ಉಡುಪು ಉದ್ಯಮಕ್ಕೆ, 2018ರಲ್ಲಿ ಇತರ ಉದ್ಯಮಗಳಿಗೂ ಕೇಂದ್ರದ ನಿಯಮಗಳು ಇದಕ್ಕೆ ಅವಕಾಶ ನೀಡಿದ್ದವು. ಈಗ ಅದು ಸಂಹಿತೆಯಲ್ಲೇ ಸೇರಿದೆ. ಅದೇ ಕೆಲಸ ಮಾಡುವ ಕಾಯಂ ನೌಕರನಿಗಿರುವ ವೇತನ, ಕೆಲಸದ ಅವಧಿ, ಭತ್ಯೆಗಳನ್ನು ಇವರಿಗೂ ಕೊಡಬೇಕು. ಐದು ವರ್ಷ ಕಾಯಿಸದೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಸಿಗುವ ಇಡುಗಂಟು) ಕೊಡಬೇಕು. ಇದಕ್ಕೆ ಪ್ರತಿಯಾಗಿ, ಒಪ್ಪಂದದ ಅವಧಿ ಮುಗಿದು ಕೆಲಸ ನಿಂತರೆ ಅದು ಕಾನೂನಿನ ಪ್ರಕಾರ ಕೆಲಸಗಾರರ ಕಡಿತ (ರಿಟ್ರೆಂಚ್‌ಮೆಂಟ್) ಎನಿಸುವುದಿಲ್ಲ. ಖರ್ಚು ತುಸು ಹೆಚ್ಚು, ನಿಜ. ಆದರೆ ಕಳೆದ ಸೀಸನ್‌ನಲ್ಲಿ ಕೈ ಪಳಗಿದ ಆಪರೇಟರ್ ಮುಂದಿನ ಸೀಸನ್‌ಗೂ ನಿಮ್ಮಲ್ಲಿಗೇ ಬಂದರೆ ರಿಜೆಕ್ಟ್ ಆಗುವ ಮಾಲಿನಲ್ಲಿ ಎಷ್ಟು ಉಳಿಯುತ್ತದೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಈ ಬಾಬ್ತನ್ನು ಯಾರೂ ಬರೆದಿಡುವುದಿಲ್ಲ.

ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅದು ಕೊನೆಗೆ ಬರುವುದು ಮೂಲ ಮಾಲೀಕರಾದ ತಮ್ಮ ತಲೆಗೇ. ಮೇಲ್ವಿಚಾರಣೆ, ರಜೆ, ಶಿಫ್ಟ್ ಎಲ್ಲವನ್ನೂ ತಾವೇ ನಿರ್ಧರಿಸುತ್ತಿದ್ದು, ಗುತ್ತಿಗೆದಾರ ಬಿಲ್ ಬರೆಯಲಷ್ಟೇ ಇದ್ದರೆ ಆ ಒಪ್ಪಂದವೇ ತೋರಿಕೆಯದೆಂದು ತೀರ್ಮಾನವಾಗಬಹುದು. ಹಾಗಾದಲ್ಲಿ ಆ ಕಾರ್ಮಿಕರು ಮೂಲ ಮಾಲೀಕನ ನೌಕರರೇ ಆಗುತ್ತಾರೆಂದು ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಕ್ಯಾಂಟೀನ್, ಕಾವಲು, ಸ್ವಚ್ಛತೆಗೆ ಗುತ್ತಿಗೆ ಇರಲಿ. ಯಂತ್ರದ ಮುಂದೆ ಬೇಡ.

ಪ್ರಶ್ನೆ: ನಾನು ನಾಲ್ಕು ವರ್ಷಗಳಿಂದ ಒಂದೇ ಕಾರ್ಖಾನೆಯಲ್ಲಿದ್ದೇನೆ. ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಕೆಲಸದಿಂದ ಬಿಡಿಸಿ, ಕೆಲವು ದಿನಗಳ ನಂತರ ಮತ್ತೆ ಸೇರಿಸಿಕೊಳ್ಳುತ್ತಾರೆ. ಇದನ್ನು ಪ್ರಶ್ನಿಸಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಪ್ರಶ್ನಿಸಬಹುದು. ಕಾಯಂ ನೌಕರರ ಸವಲತ್ತು ತಪ್ಪಿಸುವ ಉದ್ದೇಶದಿಂದ ಕೆಲಸಗಾರರನ್ನು ವರ್ಷಗಟ್ಟಲೆ ತಾತ್ಕಾಲಿಕರಾಗಿಯೇ ಇಟ್ಟುಕೊಳ್ಳುವುದನ್ನು ಕಾನೂನು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಆ ಉದ್ದೇಶವನ್ನು ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಪ್ರತಿ ಸಲದ ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡುಗಳನ್ನು ಜೋಪಾನವಾಗಿಟ್ಟುಕೊಂಡು, ಮೊದಲು ಕಾರ್ಮಿಕ ಅಧಿಕಾರಿಯನ್ನು ಕಾಣಿರಿ. ಇದೇ ರೀತಿ ಬಿಡಿಸಿ ಸೇರಿಸಿಕೊಂಡ ಸಹೋದ್ಯೋಗಿಗಳಿದ್ದರೆ ಎಲ್ಲರೂ ಒಟ್ಟಾಗಿ ಹೋಗುವುದು ಮೇಲು.